ಕಿಟಕಿಯ ಸಂದಿಯಲ್ಲಿ ಗಾಳಿ ಯಾಕೆ ಸಿಳ್ಳೆ ಹಾಕುತ್ತದೆ

ಲೋಕ ಇನ್ನೂ ಹಸಿ ಮಡಕೆಯ ಹಾಗೆ ಮೆತ್ತಗಿದ್ದ ಕಾಲ ಅದು. ಯಾರು ಹೇಗೆ ಓಡಾಡಬೇಕು ಅನ್ನುವ ಹಂಚಿಕೆ ನಡೆದಿತ್ತು. ನದಿ ಇಳಿಜಾರು ಕೇಳಿ ತೆಗೆದುಕೊಂಡಿತು. ಹಕ್ಕಿ ರೆಕ್ಕೆ ತೆಗೆದುಕೊಂಡಿತು. ಹಾವು, "ನನಗೆ ಹೊಟ್ಟೆಯೇ ಸಾಕು" ಅಂದಿತು. ಎಕ್ಕದ ಬೀಜ ಗಾಳಿಯ ಹೆಗಲು ಹತ್ತಿತು.

ಎಲ್ಲ ಮುಗಿದ ಮೇಲೆ ಬಂದದ್ದು ಸೋಂಕು. ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದರ ಪಾಲಿಗೆ ಕಾಲೂ ಉಳಿದಿರಲಿಲ್ಲ, ರೆಕ್ಕೆಯೂ ಉಳಿದಿರಲಿಲ್ಲ.

"ಗಾಳಿಯಣ್ಣ, ನನ್ನನ್ನೂ ಹೊತ್ಕೊಂಡು ಹೋಗು" ಅಂತ ಬೇಡಿತು.

"ಹೊರ್ತೀನಿ, ಅದಕ್ಕೇನು?" ಅಂದಿತು ಗಾಳಿ. "ಆದರೆ ನನ್ನದು ಬಯಲ ದಾರಿ. ಒಂದು ಚೂರು ಗುಡ್ಡದ ಮೇಲೆ, ಒಂದು ಚೂರು ಹೊಳೆಯ ಮೇಲೆ ಚೆಲ್ಲಿಕೊಂಡು ಹೋಗ್ತೀನಿ. ಕೊನೆಗೆ ನೀನು ಅನ್ನೋದೇ ಉಳಿಯಲ್ಲ."

ಸೋಂಕು ಹೆದರಿತು. ಗಾಳಿ ಆಡದ ಜಾಗ ಎಲ್ಲಾದರೂ ಇದ್ದೀತೇ ಅಂತ ಹುಡುಕತೊಡಗಿತು.

ಅಂಥ ಜಾಗವನ್ನು ಮನುಷ್ಯರು ಆಗ ತಾನೇ ಕಟ್ಟುತ್ತಿದ್ದರು. ಅದಕ್ಕೆ ಮನೆ ಅಂತ ಹೆಸರಿಟ್ಟಿದ್ದರು.

ಈರುಳ್ಳಿ ಗಿರಿಯವ್ವನದೂ ಅಂಥದೇ ಒಂದು ಮನೆ. ದಪ್ಪ ಮಣ್ಣಿನ ಗೋಡೆ, ಒಂದೇ ಕಿಟಕಿ. ಗಿರಿಯವ್ವ ವ್ಯಾಪಾರದಲ್ಲಿ ಪಳಗಿದ ಹೆಂಗಸು. ಈರುಳ್ಳಿಯ ಕತ್ತನ್ನು ಹೆಬ್ಬೆರಳಲ್ಲಿ ಒತ್ತಿದರೆ ಸಾಕು, ಒಳಗಿನ ಕೊಳೆ ಹೇಳಿಬಿಡುತ್ತಿದ್ದಳು. ಅವಳು ನಂಬಿದ ಮಾತು ಒಂದೇ: ಪುಕ್ಕಟೆ ಬಂದದ್ದನ್ನು ಮುಟ್ಟಬೇಡ.

ಮನೆಯಲ್ಲಿ ಗಂಡ ದ್ಯಾಮಣ್ಣ, ಮಗ ಹೊನ್ನೂರ, ಹೊನ್ನೂರನ ಮಗಳು ಗುಬ್ಬಿ. ಗುಬ್ಬಿಗೆ ತಾಯಿ ಇರಲಿಲ್ಲ. ಹುಟ್ಟಿದಾಗಿನಿಂದ ಬಡಕಲು ಮಗು. ಅವಳನ್ನು ಉಳಿಸಿಕೊಳ್ಳುವುದೇ ಗಿರಿಯವ್ವನ ಎಲ್ಲಕ್ಕಿಂತ ದೊಡ್ಡ ವ್ಯಾಪಾರ.

ಒಂದು ಸಂತೆಯ ದಿನ ಮಳೆ ಹಿಡಿಯಿತು. ಹೊನ್ನೂರ ಬಾಗಿಲು ಮುಚ್ಚಿದ ಗುಡಿಸಲೊಂದರಲ್ಲಿ ಒಬ್ಬ ಗಾಡಿಯವನ ಜೊತೆ ಕೂತಿದ್ದ. ಗಾಡಿಯವನು ಕೆಮ್ಮುತ್ತಿದ್ದ. ಅವನೊಳಗೆ ಆಗಲೇ ಹೊಕ್ಕಿದ್ದ ಸೋಂಕು ಅವನ ಉಸಿರಿನಿಂದ ಹೊನ್ನೂರನ ಉಸಿರಿಗೆ ದಾಟಿತು.

ಹೊನ್ನೂರನಿಗೆ ಏನೂ ಗೊತ್ತಾಗಲಿಲ್ಲ. ಹಾಡಿಕೊಂಡೇ ಮನೆಗೆ ಬಂದ. ಗುಬ್ಬಿಯನ್ನು ಎತ್ತಿ, ಮುಖಕ್ಕೆ ಮುಖ ಹಚ್ಚಿ ಹಾಡಿದ. ಅಪ್ಪನ ಪಕ್ಕ ಕೂತು ಸಂತೆಯ ಸುದ್ದಿ ಹೇಳಿ ಹೊಟ್ಟೆ ಹಿಡಿದು ನಕ್ಕ. ಹಾಡಿನ ಒಂದೊಂದು ಸಾಲಿಗೂ, ನಗುವಿನ ಒಂದೊಂದು ಅಲೆಗೂ ಸೋಂಕು ಒಂದೊಂದು ಹೆಜ್ಜೆ ಇಟ್ಟಿತು. ಕಾಲಿಲ್ಲದ್ದಕ್ಕೆ ಮನುಷ್ಯರ ಉಸಿರೇ ಕಾಲಾಯಿತು.

ಆಮೇಲೆ ಅವನು ಕೆಮ್ಮತೊಡಗಿದ.

"ಏನೋ, ಸಂತೆಗೆ ಹೋಗಿ ನಾಯಿ ಹಂಗೆ ಬೊಗಳೋದು ಕಲ್ತು ಬಂದ್ಯಾ?" ಅಂದ ದ್ಯಾಮಣ್ಣ.

ಸ್ವಲ್ಪ ದಿನಕ್ಕೆ ದ್ಯಾಮಣ್ಣನಿಗೂ ಶುರುವಾಯಿತು. "ಅಪ್ಪಾ, ನೀನ್ಯಾವ ಸಂತೆಗೆ ಹೋಗಿದ್ದೆ?" ಅಂದ ಹೊನ್ನೂರ. ಇಬ್ಬರೂ ನಗಲು ಹೋಗಿ ಕೆಮ್ಮಿದರು.

ಗಿರಿಯವ್ವ ನಗಲಿಲ್ಲ. "ಇದು ಗಾಳಿ ಸೋಕಿರೋದು. ಆ ಹಾಳು ಗಾಳಿಯದೇ ಕೆಲಸ" ಅಂದಳು.

ಗೋಡೆಯ ಮೇಲಿದ್ದ ಹಲ್ಲಿ ಲೊಚ್ ಲೊಚ್ ಅಂದಿತು.

"ನೋಡಿದ್ರಾ? ಹಲ್ಲಿನೂ ಹೌದು ಅಂತು!"

ಪಾಪ, ಹಲ್ಲಿ ಹೇಳಿದ್ದು 'ಅಲ್ಲ, ಅಲ್ಲ' ಅಂತ. ಆದರೆ ಅದರ ನಾಲಿಗೆಗೆ ಹೌದೂ ಲೊಚ್, ಅಲ್ಲವೂ ಲೊಚ್.

ಗಿರಿಯವ್ವ ಕಿಟಕಿ ಮುಚ್ಚಿದಳು. ಬಾಗಿಲ ಚಿಲಕ ಹಾಕಿದಳು. ಮನೆಮಂದಿಯನ್ನೆಲ್ಲ ಒಂದೇ ಕೋಣೆಯಲ್ಲಿ, ಒಂದೇ ಕಂಬಳಿಯಡಿ ಬೆಚ್ಚಗೆ ಮಲಗಿಸಿದಳು. ನಡುವೆ ಗುಬ್ಬಿ.

ಗಾಳಿ ಬಂದು ಕಿಟಕಿಯ ಸಂದಿಗೆ ಬಾಯಿಟ್ಟಿತು. "ಗಿರಿಯವ್ವಾ, ತೆಗಿ. ಒಳಗಿರೋದನ್ನ ನಾನು ಬಯಲಿಗೆ ಒಯ್ದು ಚೆಲ್ತೀನಿ."

"ಅದಕ್ಕೇನು ತಗೊಳ್ತೀಯ?"

"ಏನೂ ಬೇಡ."

"ಏನೂ ಬೇಡ ಅನ್ನೋನೇ ದೊಡ್ಡ ಕಳ್ಳ. ಹೋಗಾಚೆ!" ಹಳೇ ಬಟ್ಟೆ ತುರುಕಿ ಸಂದಿಯನ್ನೂ ಮುಚ್ಚಿದಳು. ಹೊನ್ನೂರನ ಗಂಟಲಲ್ಲಿ ಕೂತ ಸೋಂಕು ಅವನದೇ ದನಿಯಲ್ಲಿ, "ಚಳಿ ಅವ್ವಾ, ಇನ್ನೂ ಮುಚ್ಚು" ಅಂದಿತು. ಮಗನ ಮಾತು ಅಂತ ಅವಳು ಇನ್ನೂ ಮುಚ್ಚಿದಳು.

ಒಂದು ಬೆಳಗ್ಗೆ ದ್ಯಾಮಣ್ಣನ ಕೆಮ್ಮು ನಿಂತಿತು. ವಾಸಿಯಾಯಿತು ಅಂದುಕೊಂಡು ಗಿರಿಯವ್ವ ಬಿಸಿ ಗಂಜಿ ತಂದು ಕರೆದಳು. ಗಂಜಿ ಆರಿತು. ದ್ಯಾಮಣ್ಣ ಅದಕ್ಕೂ ಮೊದಲೇ ಆರಿದ್ದ.

ಅವನನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಗುಬ್ಬಿ ಕೆಮ್ಮುತ್ತಿದ್ದಳು. ಒಂದೊಂದು ಕೆಮ್ಮಿಗೂ ಪಕ್ಕೆ ಒಳಕ್ಕೆ ಹೋಗುತ್ತಿತ್ತು.

ಈರುಳ್ಳಿ ಸುಟ್ಟು ಮಗುವಿನ ಎದೆಗೆ ಕಟ್ಟೋಣ ಅಂತ ಗಿರಿಯವ್ವ ಹಿತ್ತಲ ಚಪ್ಪರಕ್ಕೆ ಓಡಿದಳು. ಈರುಳ್ಳಿಗೆ ಅಂತ ಅವಳೇ ಕಟ್ಟಿಸಿದ ಚಪ್ಪರ. ಬಿದಿರ ತಟ್ಟಿಯ ಗೋಡೆ, ಸುತ್ತಲೂ ಸಂದಿ. ಬಾಗಿಲ ಬಳಿ ಗಡಿಬಿಡಿಯಲ್ಲಿ ಬಾಯಿ ಕಟ್ಟಿ ಮರೆತಿದ್ದ ಚೀಲ ಬಿಚ್ಚಿದಳು. ನಾತ ಮೂಗಿಗೆ ಹೊಡೆಯಿತು. ಯಾವುದೋ ಒಂದು ಕೊಳೆತು ಚೀಲಕ್ಕೆ ಚೀಲವೇ ಕೊಳೆತಿತ್ತು. ಅಟ್ಟಣೆಯ ಮೇಲೆ ತೆಳ್ಳಗೆ ಹರಡಿದ್ದ ಈರುಳ್ಳಿಯಲ್ಲೂ ಒಂದು ಕೊಳೆತಿತ್ತು. ಅದರ ಸುತ್ತಲಿನವು ಕೆಂಪಗೆ, ಗಟ್ಟಿಯಾಗಿ ಹಾಗೇ ಇದ್ದವು. ತಟ್ಟಿಯ ಸಂದಿಯಿಂದ ಗಾಳಿ ಬರುತ್ತಿತ್ತು, ಹೋಗುತ್ತಿತ್ತು.

ಗಿರಿಯವ್ವ ಚೀಲವನ್ನೂ ನೋಡಿದಳು, ಅಟ್ಟಣೆಯನ್ನೂ ನೋಡಿದಳು.

"ಸರಕಿಗೆ ತಟ್ಟಿ ಕಟ್ಟಿದೆ. ನನ್ನ ಮಂದಿಯನ್ನ ಚೀಲಕ್ಕೆ ತುಂಬಿದೆ" ಅಂದಳು.

ಮನೆಗೆ ಓಡಿದಳು. ಸಂದಿಯ ಬಟ್ಟೆ ಕಿತ್ತು, ಕಿಟಕಿ ಬಾಗಿಲು ಎರಡನ್ನೂ ಹಾರುಹೊಡೆದಳು. "ಬಾರಪ್ಪಾ" ಅಂದಳು. ಗಾಳಿ ಒಳಗೆ ಬಂದಿತು.

ಹೊನ್ನೂರನ ಹಾಸಿಗೆಯನ್ನು ಚಪ್ಪರದಲ್ಲಿ ಹಾಕಿದಳು.

"ಅವ್ವಾ, ನನ್ನನ್ನ ಕೊಳೆತ ಈರುಳ್ಳಿ ಮಾಡಿದೆಯಲ್ಲ?"

"ಕೊಳೆತದ್ದನ್ನ ತಿಪ್ಪೆಗೆ ಎಸೀತೀನಿ. ನಿನ್ನ ಬೇರೆ ಇಡ್ತೀನಿ, ಅಷ್ಟೇ. ವಾಸಿಯಾದ ಮೇಲೆ ಬಾ, ಮಗಳನ್ನ ಎತ್ತಿಕೋ."

ಸೋಂಕು ಬಯಲಲ್ಲಿ ಚೆಲ್ಲಿಹೋಯಿತು, ಗಾಳಿ ಹೇಳಿದ ಹಾಗೇ. ಹೊನ್ನೂರ ಎದ್ದ. ಗುಬ್ಬಿಯೂ ಉಳಿದಳು. ಆದರೆ ಅವಳ ಎದೆಯಲ್ಲಿ ಒಂದು ಸಣ್ಣ ಸಿಳ್ಳೆ ಉಳಿದುಬಿಟ್ಟಿತು. ಉಸಿರೆಳೆದಾಗಲೆಲ್ಲ ಸುಂಯ್ ಅನ್ನುತ್ತಿತ್ತು.

ಒಂದು ಸಂಜೆ ಅಂಗಳದಲ್ಲಿ ಕೂತು ಗಿರಿಯವ್ವ ಗಾಳಿಗೆ ಹೇಳಿದಳು: "ನಿನ್ನ ಮೇಲೆ ಸುಳ್ಳು ಹೊರಿಸಿದೆ. ಆ ಮಾತು ವಾಪಸ್ ತಗೊಳ್ತೀನಿ."

"ಅದು ಆಗಲೇ ಊರೂರು ದಾಟಿತಲ್ಲ, ಗಿರಿಯವ್ವ" ಅಂದಿತು ಗಾಳಿ. "ಎಲ್ಲಾ ಕಡೆ ಕೆಮ್ಮಿದವರನ್ನ ನೋಡಿ 'ಗಾಳಿ ಸೋಕಿದೆ' ಅಂತಿದ್ದಾರೆ."

"ಅಯ್ಯೋ, ಅಷ್ಟು ದೂರ ಯಾರು ಒಯ್ದರು?"

"ಇನ್ಯಾರು? ನಾನೇ. ಮಾತು ಹೊರೋದೂ ನನ್ನದೇ ಕೆಲಸ ಅಲ್ವಾ?"

ಗಿರಿಯವ್ವ ತಲೆ ತಗ್ಗಿಸಿದಳು. ಹೊಲಸು ಸರಕನ್ನು ವಾಪಸ್ ತರಿಸಬಹುದು, ಬಾಯಿಂದ ಬಿದ್ದ ಮಾತನ್ನು ತರಿಸುವ ಗಾಡಿ ಯಾವ ಊರಲ್ಲೂ ಇಲ್ಲ.

ಅದಕ್ಕೇ ಇವತ್ತಿಗೂ ಮನೆಯಲ್ಲಿ ಒಬ್ಬರು ಕೆಮ್ಮಿದರೆ ಮೊದಲು ಕಿಟಕಿ ಮುಚ್ಚುತ್ತಾರೆ, ಒಬ್ಬರ ಕೆಮ್ಮು ಮನೆಮಂದಿಗೆಲ್ಲ ಬರುತ್ತದೆ, ಮತ್ತೆ ಹೊರಗೆ ಗಾಳಿ ಸಂದಿಗೆ ಬಾಯಿಟ್ಟು, ಗುಬ್ಬಿಯ ಎದೆಯ ಹಾಗೆ ಸುಂಯ್ ಸುಂಯ್ ಅನ್ನುತ್ತಾ ನಿಂತೇ ಇರುತ್ತದೆ.