ಗುಡ್ಡ ಕೊಟ್ಟ ಅಜ್ಜ

ಹದ್ದಿನಗುಡ್ಡದ ಮೇಲಿನ ಪಾರ್ಕಿಗೆ ಹೆಸರಿಡುವ ಗಡಿಬಿಡಿ ಶುರುವಾಗಿತ್ತು. ಪುರಸಭೆ ಅಧ್ಯಕ್ಷ ಗುರುಶಾಂತಪ್ಪನವರಿಗೆ ತಮ್ಮ ಅಜ್ಜನ ಹೆಸರೇ ಬೇಕು. ಊರು ಹುಟ್ಟಿದ ಕಾಲ ಕಂಡವರಲ್ಲಿ ಉಳಿದಿದ್ದವಳು ಒಬ್ಬಳೇ, ಪಾರ್ಕಿನ ಗೇಟಿನಲ್ಲಿ ಕಡಲೆಕಾಯಿ ಮಾರುವ ಚೌಡಮ್ಮ.

"ಗುಡ್ಡವನ್ನು ಊರಿಗೆ ದಾನ ಕೊಟ್ಟದ್ದು ನಮ್ಮಜ್ಜ ಅಂತ ನಾಳೆ ಸಭೆಯಲ್ಲಿ ಹೇಳಬೇಕು. ಇಲ್ಲದಿದ್ದರೆ ನಿನ್ನ ತಳ್ಳುಗಾಡಿ ಇಲ್ಲಿರಲ್ಲ," ಎಂದರು ಅಧ್ಯಕ್ಷರು.

ಚೌಡಮ್ಮನಿಗೆ ದಿಕ್ಕು ತೋಚಲಿಲ್ಲ. ಊರಲ್ಲಿ ಹತ್ತಿಪ್ಪತ್ತು ಮನೆಗಳಿದ್ದಾಗ ಅದು ಯಾರದೂ ಅಲ್ಲದ ಬೋಳುಗುಡ್ಡ. ಹೆಂಗಸರೇ ಕೊಡ ಹೊತ್ತು ನೀರೆರೆದು ಮರ ಬೆಳೆಸಿದ್ದರು. ಅವಳೂ ಹೊತ್ತಿದ್ದಳು.

ಮರುದಿನ ಸಭೆಯಲ್ಲಿ ಅವಳ ಕೈಗೆ ಮೈಕು ಬಂತು.

"ಹೌದು ಸ್ವಾಮಿ, ಇವರಜ್ಜನೇ ಕೊಟ್ಟರು. ನಾನೇ ಕಿವಿಯಾರೆ ಕೇಳಿದೀನಿ. 'ಪಡುವಣ ಇಳಿಜಾರು ಇವತ್ತು ತಗೊಳ್ಳಿ, ಮೂಡಣದ್ದನ್ನ ನನ್ನ ಮೊಮ್ಮಗ ದೊಡ್ಡವನಾಗಿ ಕೊಡ್ತಾನೆ' ಅಂದರು."

ಮೂಡಣ ಇಳಿಜಾರಿಗೆ ಅಧ್ಯಕ್ಷರೇ ತಂತಿಬೇಲಿ ಹಾಕಿಸಿ ಸೈಟು ಮಾಡಿಸುತ್ತಿದ್ದರು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರೂ ಅಭ್ಯಾಸಬಲದಿಂದ ತಟ್ಟಿ, ನಡುವೆಯೇ ನಿಲ್ಲಿಸಿದರು. ಮುದುಕಿಯ ಮಾತು ಸುಳ್ಳೆಂದರೆ ಅಜ್ಜನ ಹೆಸರು ಹೋಗುತ್ತದೆ, ನಿಜವೆಂದರೆ ಸೈಟು ಹೋಗುತ್ತದೆ.

"ಅಜ್ಜನಿಗೆ ವಯಸ್ಸಾಗಿತ್ತಲ್ಲ ಚೌಡಮ್ಮ, ಏನೋ ಬಾಯಿತಪ್ಪಿ ಅಂದಿರಬೇಕು," ಎಂದು ತಡವರಿಸಿದರು.

"ಹಾಗಾದ್ರೆ ಪಡುವಣದ್ದನ್ನ ಕೊಟ್ಟದ್ದೂ ಬಾಯಿತಪ್ಪಿಯೇನಾ ಸ್ವಾಮಿ?"

ಜನ ಉತ್ತರಕ್ಕೆ ಕಾಯಲಿಲ್ಲ. ಅಜ್ಜನಿಗೆ ಜೈ ಎನ್ನುತ್ತಾ ಗುಡ್ಡ ಹತ್ತಿ ಬೇಲಿ ಕಿತ್ತರು.

ಈಗ ಪಾರ್ಕಿಗೆ ಎರಡೂ ಇಳಿಜಾರುಗಳಿವೆ, ಅಜ್ಜನ ಹೆಸರೂ ಇದೆ. ಅಜ್ಜ ಇದನ್ನೆಲ್ಲ ಯಾವಾಗ ಕೊಟ್ಟರೆಂಬುದು ಮಾತ್ರ ಮೊಮ್ಮಗನಿಗೆ ಇನ್ನೂ ತಿಳಿದಿಲ್ಲ.