ಹೊಸ ದೋಣಿಯ ಕಾಸು

ಅಂಬಿಗ ಹೊಳೆಯಪ್ಪನ ದೋಣಿ ಹಳತಾಗಿ ತೂತು ಬಿದ್ದಿತ್ತು. ಆಶ್ರಮದವರು ಹೊಸದು ಮಾಡಿಸಿಕೊಡುತ್ತೇವೆಂದರೆ ಮುದುಕ ಕೈಮುಗಿದು ಬೇಡವೆಂದ.

"ನಿಮ್ಮ ದುಡ್ಡು ತಗೊಂಡ್ರೆ, ನಾಳೆ ನಿಮ್ಮತ್ರ ದೋಣಿ ಕಾಸು ಹೆಂಗ್ ಕೇಳ್ಲಿ ಸ್ವಾಮಿ?"

ಗುರುತಿಲ್ಲದವರ ನೆರವಾದರೆ ಅಡ್ಡಿಯಿಲ್ಲ ಎಂದ. ಪಟ್ಟಣದಲ್ಲಿ ಓದುವ ಮೊಮ್ಮಗಳು, ಯಾರು ಬೇಕಾದರೂ ಕ್ರಿಪ್ಟೋ ಎಂಬ ಅಂತರ್ಜಾಲದ ಹಣ ಕಳಿಸಲೆಂದು ಒಂದು ವಿಳಾಸ ತೆರೆದಳು.

ಶಿಷ್ಯ ಸೋಮಲಿಂಗನ ಬಳಿ ಆಶ್ರಮ ಸೇರುವ ಮುಂಚೆ ಕೂಡಿಟ್ಟ ಅಂಥ ಹಣವಿತ್ತು. ಅವನು ಹೊಳೆದಂಡೆಗೆ ಬಂದು ಗುರುಗಳ ಪಕ್ಕ ಕುಳಿತ.

"ಗುರುಗಳೇ, ಕೊಟ್ಟವನು ನಾನೆಂದು ಗೊತ್ತಾದರೆ ಮುದುಕ ಹಿಂದಿರುಗಿಸುತ್ತಾನೆ. ಬಿಟ್‌ಕಾಯಿನ್‌ನಲ್ಲಿ ಕಳಿಸಲೇ? ಅದರಲ್ಲಿ ಹೆಸರಿರುವುದಿಲ್ಲ."

ಗುರುಗಳು ಒದ್ದೆ ಮರಳಿನತ್ತ ಕೈ ತೋರಿದರು. "ಅಲ್ಲಿ ನಿನ್ನ ಹೆಜ್ಜೆಗಳಿವೆ. ಹೆಸರಿದೆಯೇ?"

"ಇಲ್ಲ. ಆದರೆ ಹಿಂಬಾಲಿಸಿದವರು ಇಲ್ಲಿಗೇ ಬರುತ್ತಾರೆ. ಬಿಟ್‌ಕಾಯಿನ್‌ನ ಲೆಕ್ಕವೂ ಹೀಗೇ ಎಲ್ಲರಿಗೂ ಕಾಣುತ್ತದೆ." ಸೋಮಲಿಂಗ ತಲೆ ಕೆರೆದುಕೊಂಡ. "ಹತ್ತಾರು ಜನರ ನಾಣ್ಯಗಳ ಜೊತೆ ಬೆರೆಸಿ ಕಳಿಸಿದರೆ?"

ಗುರುಗಳು ದೋಣಿ ಹತ್ತುವ ಜಾಗ ನೋಡಿದರು. ಅಲ್ಲಿ ಊರವರ ಹೆಜ್ಜೆಗಳೆಲ್ಲ ಕಲಸಿಹೋಗಿದ್ದವು. "ಹುಡುಕುವುದು ಕಷ್ಟ. ಹಟ ಹಿಡಿದವನು ಹುಡುಕಿಯಾನು."

"ಮೊನೆರೊ ಅಂತ ಇನ್ನೊಂದಿದೆ. ಕೊಟ್ಟವರು, ಪಡೆದವರು, ಎಷ್ಟು ಎಂಬುದು, ಎಲ್ಲವನ್ನೂ ಮರೆಮಾಡುತ್ತದೆ."

"ನೀರಲ್ಲಿ ನಡೆದ ಹಾಗೆ."

"ಹೌದು. ಹೆಜ್ಜೆಯೇ ಇಲ್ಲ."

"ಸರಿ. ದಡ ಹತ್ತುವಾಗ ಜೋಪಾನ."

ಆ ಮಾತು ಸೋಮಲಿಂಗನ ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಿ ಪುಣ್ಯಾತ್ಮ ಓಡಿಯಾಗಿತ್ತು.

ಹೊಸ ದೋಣಿ ಬಂತು. ಕೊಟ್ಟವರು ಯಾರೆಂದು ಮೊಮ್ಮಗಳಿಗೂ ತಿಳಿಯಲಿಲ್ಲ. ಹೊಳೆಯಪ್ಪ ದೋಣಿಗೆ ಅರಿಶಿನ ಕುಂಕುಮ ಹಚ್ಚಿ, ಹಾಡು ಹೇಳುತ್ತಲೇ ಹುಟ್ಟು ಹಾಕಿದ. ಊರ ಜನರ ನಡುವೆ ಗುರುಗಳೂ ಸೋಮಲಿಂಗನೂ ಕುಳಿತಿದ್ದರು. ಸೋಮಲಿಂಗನಿಗೆ ಸಂತೋಷ ತಡೆಯಲಾಗುತ್ತಿರಲಿಲ್ಲ. ಹಲಗೆಯನ್ನು ಸವರಿದ್ದೇ ಸವರಿದ್ದು.

ಆಚೆ ದಡ ಬಂತು. ಎಲ್ಲರೂ ಕಾಸು ಕೊಟ್ಟು ಇಳಿದರು. ಸೋಮಲಿಂಗ ಮಾತ್ರ ತನ್ನ ಮನೆಯ ಜಗುಲಿಯಿಂದ ಇಳಿದಂತೆ ಇಳಿದು, ನಗುತ್ತಾ ಹೊರಟೇಬಿಟ್ಟ.

ಹೊಳೆಯಪ್ಪ ಚಾಚಿದ ಕೈ ಚಾಚಿದಂತೆಯೇ ಅವನ ಬೆನ್ನನ್ನು ನೋಡಿದ. "ಇವ್ರು ಯಾಕೆ ಹಿಂಗೆ..."

ಗುರುಗಳು ಶಿಷ್ಯನ ಹೆಗಲ ಮೇಲಿನ ವಸ್ತ್ರ ಹಿಡಿದು ಹಿಂದಕ್ಕೆ ಜಗ್ಗಿದರು.

"ಕಾಸು ಕೊಡಪ್ಪಾ ಸೋಮಲಿಂಗ. ಎಲ್ಲರೂ ಕೊಡುವಷ್ಟೇ ಕೊಡು."