ಸಾಲು ತಪ್ಪಿದ ಅಕ್ಷರ

"ಗುರುಗಳೇ, ಕಲಿಸುವವನು ಮತ್ತೆ ಕಲಿಯಲು ಕೂತರೆ ಅವನ ಮಾತಿಗೆ ಬೆಲೆ ಉಳಿಯುತ್ತದೆಯೇ?"

ಕೇಳಿದವನು ಕಲ್ಲಯ್ಯ. ಮಠದ ಶಾಲೆಯಲ್ಲಿ ಅವನು ಬಹಳ ವರ್ಷಗಳಿಂದ ಒಂದನೆಯ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ. ಸುತ್ತಲಿನ ಊರುಗಳ ಹೊಸ ಮಾಸ್ತರರಿಗೆ ಓದಿಸುವ ಬಗೆಯನ್ನು ಹೇಳಿಕೊಡುವ ಹೊಣೆಯೂ ಈಗ ಅವನ ಮೇಲೆ ಬಿದ್ದಿತ್ತು. ಆದರೆ ಗುರುಗಳು ಒಂದು ಮಾತು ಸೇರಿಸಿದ್ದರು. ಹೊಸಬರ ಪಾಠವನ್ನು ಅವನು ನೋಡಬೇಕು, ಅವನ ಪಾಠವನ್ನು ಹೊಸಬರೂ ನೋಡಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಕಂಡದ್ದನ್ನು ಮಾತಾಡಬೇಕು. ಮೊದಲನೆಯದಕ್ಕೆ ಅವನ ಒಪ್ಪಿಗೆಯಿತ್ತು. ಎರಡನೆಯದು ಗಂಟಲಲ್ಲಿ ಇಳಿಯಲಿಲ್ಲ. ನಿನ್ನೆ ಮೊನ್ನೆ ಸೀಮೆಸುಣ್ಣ ಹಿಡಿದವರು ತನ್ನ ತಪ್ಪು ಎತ್ತಿ ಆಡಿದರೆ, ಆಮೇಲೆ ತಾನು ಹೇಳಿದ್ದನ್ನು ಯಾರು ಕೇಳುತ್ತಾರೆ? ಹೊಣೆಯನ್ನು ಬೇರೆಯವರಿಗೆ ಕೊಡಿ ಎಂದು ಹೇಳಲೆಂದೇ ಅವನು ಬಂದಿದ್ದ.

ಗುರುಗಳು ಅವನಿಗೆ ಕೂರಲು ಹೇಳಿ, ಈ ಕತೆ ಹೇಳಿದರು.

ಒಂದು ಊರಿನ ಶಾಲೆಯಲ್ಲಿ ಒಬ್ಬ ಉಪಾಧ್ಯಾಯಿನಿ ಇದ್ದರು. ಜನ ಅವರನ್ನು ಅಕ್ಕೋರು ಎಂದು ಕರೆಯುತ್ತಿದ್ದರು. ಅವರ ತರಗತಿಯ ಮಕ್ಕಳು ಕಾಗುಣಿತ ಹೇಳುವುದನ್ನು ಕೇಳಲು ದಾರಿಹೋಕರೂ ಕಿಟಕಿಯ ಬಳಿ ನಿಲ್ಲುತ್ತಿದ್ದರು. ಅಕ್ಕೋರು ಕೋಲಿನ ತುದಿಯನ್ನು ಹಲಗೆಯ ಮೇಲೆ ಸಾಲಾಗಿ ಸರಿಸುವರು; ಮ, ಮಾ, ಮಿ, ಮೀ ಎಂದು ಇಡೀ ತರಗತಿ ರಾಗವಾಗಿ ಹೇಳುವುದು. ಕೋಲು ಎಲ್ಲಿಯೂ ತಡೆಯುತ್ತಿರಲಿಲ್ಲ, ದನಿಯೂ ತಡವರಿಸುತ್ತಿರಲಿಲ್ಲ.

ಹೀಗಾಗಿ ಬೇರೆ ಊರುಗಳ ಉಪಾಧ್ಯಾಯರನ್ನು ಅವರ ಬಳಿ ಕಲಿಯಲು ಕಳುಹಿಸುತ್ತಿದ್ದರು. ಬಂದವರು ಗೋಡೆಗೆ ಒರಗಿ ಕೂತು ನೋಡುವರು, ತಲೆದೂಗುವರು, ತಮ್ಮ ಊರಿಗೆ ಹೋಗಿ ಹಾಗೆಯೇ ಕೋಲು ಸರಿಸುವರು.

ಒಂದು ದಿನ ಬಂದವರ ಎದುರಿಗೆ ಅಕ್ಕೋರು ಒಬ್ಬ ಹುಡುಗಿಯನ್ನು ಎಬ್ಬಿಸಿದರು. ತರಗತಿಯಲ್ಲೆಲ್ಲ ಗಟ್ಟಿ ದನಿ ಅವಳದೇ. ಬೇಸಿಗೆ ರಜೆ ಕಳೆದರೆ ಅವಳು ಎರಡನೆಯ ತರಗತಿ. ಅಲ್ಲಿ ಕೈಗೆ ಪುಸ್ತಕ ಕೊಡುತ್ತಾರೆ, ಅಕ್ಷರ ತೋರಿಸುವವರಿಲ್ಲ. ಓದು ಬಾರದವರು ಅಲ್ಲಿ ಹಿಂದಿನ ಸಾಲಿಗೆ ಸರಿದು, ಮೆಲ್ಲಗೆ ಶಾಲೆಯನ್ನೇ ಬಿಡುತ್ತಿದ್ದರು. ಇವಳ ವಿಷಯದಲ್ಲಿ ಆ ಅಂಜಿಕೆ ಯಾರಿಗೂ ಇರಲಿಲ್ಲ. ಹುಡುಗಿ ಇಡೀ ಸಾಲನ್ನು ಒಂದೇ ಉಸಿರಿಗೆ ಹೇಳಿದಳು. ಯಾವ ಅಕ್ಷರ ಬೇಕಾದರೂ ಕೇಳಿ ನೋಡಿ ಎಂದು ಅಕ್ಕೋರು ಬಂದವರಿಗೆ ಹೇಳಿದರು.

ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಉಪಾಧ್ಯಾಯಿನಿ ಎದ್ದು ಬಂದು, ಸಾಲಿನ ನಡುವಿನ 'ಮೇ' ಅಕ್ಷರದ ಮೇಲೆ ಬೆರಳಿಟ್ಟಳು. ಹುಡುಗಿಯ ತುಟಿ ಸ್ವಲ್ಪ ಹೊತ್ತು ಸದ್ದಿಲ್ಲದೆ ಅಲುಗಿತು. ಆಮೇಲೆ 'ಮೇ' ಎಂದಳು. ಎಲ್ಲರೂ ತಲೆದೂಗಿದರು. ಹೊಸಬಳು ಅಷ್ಟಕ್ಕೆ ಬಿಡಲಿಲ್ಲ. ಅದೇ ಅಕ್ಷರವನ್ನು ಒಂದು ಸ್ಲೇಟಿನ ಮೇಲೆ ಒಂಟಿಯಾಗಿ ಬರೆದು ಮುಂದೆ ಹಿಡಿದಳು. ಹುಡುಗಿ ಸ್ಲೇಟು ನೋಡಿದಳು, ಅಕ್ಕೋರ ಮುಖ ನೋಡಿದಳು, ಕೊನೆಗೆ ನೆಲ ನೋಡಿದಳು.

ಹೊರಗಿನವರನ್ನು ಕಂಡು ಮಗು ನಾಚಿಕೊಂಡಿದೆ ಎಂದು ಗೋಡೆಯ ಬಳಿಯಿಂದ ಒಬ್ಬರು ಹೇಳಿದರು. ಒಬ್ಬ ಹಳೆಯ ಮಾಸ್ತರರು ಹೊಸಬಳ ಕಡೆ ತಿರುಗಿ, "ಕಲಿಯಲು ಬಂದೆಯೋ, ಪರೀಕ್ಷೆ ಮಾಡಲು ಬಂದೆಯೋ ತಾಯಿ?" ಎಂದರು. ನಗು ಎದ್ದಿತು. ಹೊಸಬಳು ಸ್ಲೇಟನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಅಕ್ಕೋರು ನಗಲಿಲ್ಲ. ತುಟಿ ಅಲುಗಿದ್ದನ್ನು ಅವರು ಕಂಡಿದ್ದರು. ಹುಡುಗಿ ಅಕ್ಷರ ನೋಡಿ ಹೇಳಿರಲಿಲ್ಲ. ಸಾಲಿನ ಮೊದಲಿಂದ ಒಳಗೊಳಗೇ ಹಾಡುತ್ತ ಬಂದು, ಬೆರಳಿದ್ದ ಕಡೆ ನಿಂತಿದ್ದಳು. ಸಾಲು ಇಲ್ಲವಾದರೆ ಅಕ್ಷರವೂ ಇಲ್ಲ. ಇವಳೊಬ್ಬಳೇ ಅಲ್ಲ, ತಾವು ಹಾಡಿಸಿದ ಮಕ್ಕಳಲ್ಲಿ ಎಷ್ಟೋ ಮಂದಿ ಹೀಗೆಯೇ ಇದ್ದಿರಬೇಕು. ಎರಡನೆಯ ತರಗತಿಯ ಹಿಂದಿನ ಸಾಲಿಗೆ ಸರಿದವರ ಮುಖಗಳು ಕಣ್ಣ ಮುಂದೆ ಬಂದವು. ಅಕ್ಕೋರು ಅವರನ್ನು ದಡ್ಡರು ಎಂದುಕೊಂಡಿದ್ದರು.

ನಾಚಿಕೆ ಎಂಬ ಮಾತು ಆಗಲೇ ಯಾರದೋ ಬಾಯಿಂದ ಬಂದಿತ್ತು. ಹೌದು ಎಂದಿದ್ದರೆ ಸಾಕಿತ್ತು. ಬಂದವರು ನಂಬಿ ಊಟಕ್ಕೆ ಏಳುತ್ತಿದ್ದರು.

"ನಾಚಿಕೆಯಲ್ಲ," ಎಂದರು ಅಕ್ಕೋರು. "ಇವಳಿಗೆ ಹಾಡು ಬಂದಿದೆ, ಅಕ್ಷರ ಬಂದಿಲ್ಲ. ಹಾಡಿಸಿದವಳು ನಾನು. ನಿಮಗೂ ಅದನ್ನೇ ಕಲಿಸಿದ್ದೇನೆ."

ಆಗ ಆ ಹಳೆಯ ಮಾಸ್ತರರೇ, ನನ್ನ ಮಕ್ಕಳ ತುಟಿಯೂ ಹಾಗೆ ಅಲುಗುತ್ತದೆ, ನಾನು ಅದನ್ನು ಭಕ್ತಿ ಎಂದುಕೊಂಡಿದ್ದೆ ಎಂದರು. ಈ ಸಲ ಹೊಸಬಳೂ ನಕ್ಕಳು.

ನಾಳೆಯ ಪಾಠ ನೀನು ಮಾಡು, ನಾನು ಹಿಂದೆ ಕೂತು ನೋಡುತ್ತೇನೆ ಎಂದು ಅಕ್ಕೋರು ಅವಳಿಗೆ ಹೇಳಿದರು.

"ನೀವು ಹಿಂದೆ ಕೂತರೆ ನನ್ನ ಕೈ ನಡುಗುತ್ತದೆ, ಅಕ್ಕೋರೇ."

"ನಡುಗಲಿ. ನನ್ನದು ಇವತ್ತೇ ನಡುಗಿ ಆಯಿತು."

ಮರುದಿನ ಹೊಸಬಳ ಪಾಠ ನೆಟ್ಟಗೆ ನಡೆಯಲಿಲ್ಲ. ಪ್ರಶ್ನೆ ಕೇಳಿ, ಮಗು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ತಾನೇ ಹೇಳಿಬಿಡುತ್ತಿದ್ದಳು. ಅದು ಅವಳಿಗೆ ಗೊತ್ತಿರಲಿಲ್ಲ, ಹಿಂದೆ ಕೂತವರಿಗೆ ಕಂಡಿತು. ಮಧ್ಯಾಹ್ನ ಎಲ್ಲರೂ ಸುತ್ತ ಕೂತಾಗ ಅಕ್ಕೋರು ಅದನ್ನು ಹೇಳಿದರು. ಹೊಸಬಳು ಮೊದಲು ಮುಖ ಸಣ್ಣದು ಮಾಡಿದಳು, ಆಮೇಲೆ ಹೌದೆಂದಳು. ಅದರ ಮರುದಿನ ಅಕ್ಕೋರು ಪಾಠ ಮಾಡಿದರು, ಉಳಿದವರು ನೋಡಿದರು. ಅವರ ಕೈಯಲ್ಲಿ ಕೋಲಿರಲಿಲ್ಲ. ಮೇಕೆ ಹೇಗೆ ಕೂಗುತ್ತದೆ ಎಂದು ಕೇಳಿದರು. ಇಡೀ ತರಗತಿ 'ಮೇ' ಎಂದು ಕೂಗಿತು. ಆ ಅಕ್ಷರವನ್ನು ಬರೆದು ತೋರಿಸಿ, ಹಲಗೆಯ ಮೇಲಿನ ಬೇರೆ ಮಾತುಗಳಲ್ಲಿ ಅದು ಎಲ್ಲಿದೆ ಹುಡುಕಿ ಎಂದು ಸುಮ್ಮನಾದರು. ಸುಮ್ಮನಿರುವುದು ಅವರಿಗೆ ಬಹಳ ಕಷ್ಟವಾಯಿತು. ಕೊನೆಗೆ ಆ ಹುಡುಗಿ ಎದ್ದು ಬಂದು, ಮೂಲೆಯಲ್ಲಿ ಬರೆದಿದ್ದ 'ಮೇಜು' ಎಂಬ ಮಾತಿನ ಮೊದಲ ಅಕ್ಷರವನ್ನು ಮುಟ್ಟಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕಲ್ಲಯ್ಯ ಕಾದ. ಕತೆ ಮುಂದೆ ಸಾಗಲಿಲ್ಲ.

"ಆಮೇಲೆ ಆ ಅಕ್ಕೋರ ಹೆಸರು ಉಳಿಯಿತೇ, ಗುರುಗಳೇ? ಬಂದವರು ಊರೂರಿಗೆ ಹೋಗಿ ಆಡಿಕೊಳ್ಳಲಿಲ್ಲವೇ?"

ಗುರುಗಳು ಅವನ ಮುಖವನ್ನೇ ನೋಡಿ ಮುಗುಳ್ನಕ್ಕರು.

"ಆ ಹುಡುಗಿಗೆ ಓದು ಬಂತೇ ಎಂದು ನೀನು ಕೇಳಲಿಲ್ಲ, ಕಲ್ಲಯ್ಯ."